ಗುರುವಾರದ ಕೆಂಡ

ಹಲಗೂರಿನ ನಿಂಗಯ್ಯನವರು ತಮ್ಮ ಹಳೇ ಫೋರ್ಡಿನ ಪಕ್ಕದಲ್ಲಿ ನಿಂತು, ಪಂಚೆ ಎತ್ತಿ ಕಟ್ಟಿ, ಎರಡು ಕೆನ್ನೆಗೂ ಗಾಳಿ ತುಂಬಿಕೊಂಡು 'ಗೊರ್... ಗೊರಕ್... ಪುಸ್ಸ್' ಎಂದರು. ಅಂದವರೇ ಮೆಕ್ಯಾನಿಕ್ ನಯಾಜ್ ಪಾಷಾನ ಮುಖ ನೋಡಿದರು. ಆ ಮುಖದಲ್ಲಿ ಏನೂ ಆಗಲಿಲ್ಲ. ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೊಂದು ಸಲ, ಈ ಸಲ ಪುಸ್ಸನ್ನು ಸ್ವಲ್ಪ ಉದ್ದಕ್ಕೆ ಎಳೆದು ಅಂದರು. ಅದು ಹಾಲು ಕರೆಯಲು ಬಿಡದ ಎಮ್ಮೆಯ ಹಾಗೆ ಕೇಳಿತೇ ಹೊರತು ಕಾರಿನ ಹಾಗೆ ಕೇಳಲಿಲ್ಲ.

ಮೊದಲಾಗಿದ್ದರೆ ಗೌಡರಿಗೆ ಈ ಪಾಡು ಇರಲಿಲ್ಲ. ಮಳವಳ್ಳಿಯ ಈ ಷೆಡ್ಡಿಗೆ ಕಾರು ತಂದವರು ಸುಮ್ಮನೆ ನಿಂತರೆ ಸಾಕಿತ್ತು. ಸದ್ದು ಮಾಡುವ ಕೆಲಸ ನಯಾಜನ ತಮ್ಮ ವಾಜಿದನದು. 'ಈ ಸದ್ದಾ ಗೌಡ್ರೇ, ಇಲ್ಲಾ ಈ ಸದ್ದಾ, ಇಲ್ಲಾ ಇದಾ?' ಎಂದು ಮೂರು ಬಗೆಯಲ್ಲಿ ಕೂಗಿ ತೋರಿಸುತ್ತಿದ್ದ. ಒಂದು ಪೆಟ್ರೋಲ್ ದಾರಿ ಕಟ್ಟಿಕೊಂಡದ್ದು, ಒಂದು ಪ್ಲಗ್ಗು ಸತ್ತದ್ದು, ಒಂದು ಬರೀ ಮುದಿತನದ್ದು. ಗಿರಾಕಿ ಜವಳಿ ಅಂಗಡಿಯಲ್ಲಿ ಸೀರೆ ಆರಿಸಿದಂತೆ ತನ್ನ ಕಾರಿನ ಕಾಯಿಲೆಯನ್ನು ಆರಿಸಿಕೊಳ್ಳುತ್ತಿದ್ದ. ಗಿರಾಕಿ ಬೆನ್ನು ತಿರುಗಿಸಿದ ಮೇಲೆ ವಾಜಿದ್ ಗಿರಾಕಿಯದನ್ನೂ ಮಾಡುತ್ತಿದ್ದ. ಫೋರ್ಡ್ ಎನ್ನಲು ನಾಲಿಗೆ ತಿರುಗದ ನಿಂಗಯ್ಯನವರ ಗಂಟಲನ್ನೇ ಎರವಲು ತಂದವನ ಹಾಗೆ 'ನಮ್ ಪೋಲ್ಡು ಕುಡ್ದ ಪೆಟ್ರೋಲೆಲ್ಲಾ ಪೋಲು ಕಣ್ಲಾ' ಎಂದರೆ, ಒಳಗೆ ಅಕ್ಕಿ ಆರಿಸುತ್ತಿದ್ದ ಅವನ ಹೆಂಡತಿ ಕುಲ್ಸುಮ್ ಮೊರವನ್ನು ಮುಖಕ್ಕೆ ಅಡ್ಡ ಹಿಡಿದು ನಗುತ್ತಿದ್ದಳು.

ವಾಜಿದ್ ಸತ್ತು ಅವತ್ತಿಗೆ ನಾಲ್ಕು ತಿಂಗಳ ಮೇಲೆ ಹತ್ತು ದಿನ.

ನಿಂಗಯ್ಯನವರು ಕಾರು ಬಿಟ್ಟು ಷೆಡ್ಡಿನ ಸುತ್ತ ಕಣ್ಣಾಡಿಸಿದರು. ಬಾಗಿಲ ಎರಡೂ ಕಡೆ ಸಾಲಾಗಿ ಮರಳು ತುಂಬಿದ ತಗಡಿನ ಡಬ್ಬಗಳು. ಪಕ್ಕದಲ್ಲಿ ನೆನೆಸಿಟ್ಟ ಗೋಣಿಚೀಲಗಳು. ಒಳಗಿರಬೇಕಾದ ತೊಳೆಯುವ ತಟ್ಟೆಗಳೆಲ್ಲ ಆಚೆ ಹೊಂಗೆಮರದ ಕೆಳಗೆ, ಒಂದೊಂದಕ್ಕೂ ಒಂದೊಂದು ಮುಚ್ಚಳ.

'ಇದೇನ್ಲಾ ಪಾಷಾ, ಗ್ಯಾರೇಜು ಮಡ್ಗಿದ್ದೀಯೋ ಗಾರೆ ಕೆಲ್ಸ ಇಡ್ಕಂಡಿದ್ದೀಯೋ? ಇಷ್ಟು ಮಳ್ಳಲ್ಲಿ ಒಂದು ಕೊಟ್ಗೆ ಕಟ್ಬೋದು.'

ನಯಾಜ್ ಮಗ್ಗಿ ಒಪ್ಪಿಸುವವನ ದನಿಯಲ್ಲಿ ಹೇಳಿದ. ಪೆಟ್ರೋಲ್ ಬೆಂಕಿಗೆ ನೀರು ಹಾಕಬಾರದು. ಹಾಕಿದರೆ ಉರಿಯುವ ಪೆಟ್ರೋಲು ನೀರಿನ ಬೆನ್ನೇರಿ ನೀರು ಹೋದ ಕಡೆಗೆಲ್ಲ ಹೋಗುತ್ತದೆ. ಮರಳು ಸುರಿಯಬೇಕು, ಇಲ್ಲವೇ ಹಸಿ ಗೋಣಿ ಹೊದಿಸಿ ಉಸಿರು ಕಟ್ಟಿಸಬೇಕು. ಬಂದವರಿಗೆಲ್ಲ ಅವನು ಇದನ್ನೇ, ಇಷ್ಟೇ ಮಾತಿನಲ್ಲಿ, ಮೇಲೂ ಕೆಳಗೂ ಹೋಗದ ದನಿಯಲ್ಲಿ ಹೇಳುತ್ತಿದ್ದ. ಹೇಳಿ ಮುಗಿಸಿ ಅಂಗೈ ಚಾಚಿದ. ಗೌಡರು ಬೀಡಿಕಟ್ಟನ್ನೂ ಬೆಂಕಿಪೊಟ್ಟಣವನ್ನೂ ಕೊಟ್ಟರು. ಅವನು ಅವನ್ನು ಬೀದಿ ಕಡೆ ಗೋಡೆಯ ಗೂಡಿನಲ್ಲಿಟ್ಟು ಬಂದ.

'ಈ ಬುದ್ಧಿಯ ನಿನ್ ತಮ್ಮಂಗೆ ಮೊದ್ಲೇ ಏಳಿದ್ರೆ,' ಎಂದರು ನಿಂಗಯ್ಯನವರು, 'ಒಂದು ಬೀಡಿಗೆ ಜೀವ ಓಯ್ತಿರ್ನಿಲ್ಲ ಕಣ್ಲಾ.'

'ಹೂಂ,' ಎಂದ ನಯಾಜ್.

ಷೆಡ್ಡಿಗೂ ಮನೆಗೂ ನಡುವೆ ಒಂದು ಗೋಣಿಪರದೆ ಇತ್ತು. ಅದರ ಆಚೆ ಯಾರೋ ತುಂಬಿದ ಕೊಡವನ್ನು ನೆಲಕ್ಕಿಟ್ಟ ಸದ್ದಾಯಿತು. ಮತ್ತೆ ಎತ್ತಿದ ಸದ್ದು ಬರಲಿಲ್ಲ.

ಗೌಡರು ಹೋದ ಮೇಲೆ ನಯಾಜ್ ಕಾರಿನ ಕೆಳಗೆ ಕೈಹಾಕಿ ಕೊಳವೆಯುದ್ದಕ್ಕೂ ಮುಂಗೈಯನ್ನು ಆಡಿಸಿದ. ಒಂದು ಕಡೆ ಚರ್ಮಕ್ಕೆ ತಣ್ಣಗೆ ತಾಗಿತು. ಅಲ್ಲಿ ಸೋರುತ್ತಿದೆ. ಬೆಂಕಿಯ ದಿನ ಕುಡಿದ ಹೊಗೆಗೋ ಇನ್ನೇತಕ್ಕೋ, ಅವನ ಮೂಗು ಸತ್ತುಹೋಗಿತ್ತು. ಪೆಟ್ರೋಲು, ಈರುಳ್ಳಿ ಒಗ್ಗರಣೆ, ಅತ್ತರು, ಸತ್ತ ಇಲಿ, ಎಲ್ಲವೂ ಅವನಿಗೆ ಒಂದೇ. ಮೂಗಿಲ್ಲದ ಮೆಕ್ಯಾನಿಕ್ಕಿನ ಹತ್ತಿರ ಯಾರು ಕಾರು ಬಿಡುತ್ತಾರೆ ಎಂದು ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಫಕ್ರುನ್ನೀಸಾಳಿಗೂ ಇಲ್ಲ. ಪೆಟ್ರೋಲು ಮೈಗೆ ತಾಗಿದರೆ ತಣ್ಣಗಾಗುತ್ತದಲ್ಲ, ಅದನ್ನೇ ಹಿಡಿದುಕೊಂಡು ಕೆಲಸ ಸಾಗಿಸುತ್ತಿದ್ದ.

ಆ ಷೆಡ್ಡು ಅವರಪ್ಪನ ಕಾಲದಲ್ಲಿ ಕುದುರೆ ಲಾಯ. ಅಪ್ಪ ಜಟಕಾ ಹೊಡೆಯುತ್ತಿದ್ದರು. ಗುರುವಾರ ಸಂಜೆಯಾದರೆ ಅಮ್ಮ ಸುಲ್ತಾನ್ ಬೀ ಒಂದು ಮಣ್ಣಿನ ಬಟ್ಟಲಿನಲ್ಲಿ ಒಲೆಯ ಕೆಂಡ ಹಾಕಿ, ಮೇಲೆ ಲೋಬಾನ ಉದುರಿಸಿ, ಮನೆಯೆಲ್ಲ ಹೊಗೆ ತೋರಿಸಿಕೊಂಡು ಬಂದು ಲಾಯದ ಹೊಸ್ತಿಲ ಮೇಲೆ ಇಟ್ಟು ಹೋಗುವಳು. ಹೊಗೆ ಒಳಗೆ ತುಂಬಿದರೆ ಕುದುರೆಗೆ ನೊಣವೂ ಹತ್ತುವುದಿಲ್ಲ, ದೃಷ್ಟಿಯೂ ತಾಗುವುದಿಲ್ಲ. ಅಪ್ಪ ಹೋದರು, ಕುದುರೆ ಹೋಯಿತು, ಲಾಯಕ್ಕೆ ಕಾರು ಬಂತು. ಅಣ್ಣತಮ್ಮಂದಿರು ನಡುವೆ ಒಂದು ಗುಂಡಿ ತೋಡಿ, ಅದರಲ್ಲಿ ಇಳಿದು ಕಾರಿನ ಹೊಟ್ಟೆ ನೋಡುವ ಹಾಗೆ ಮಾಡಿಕೊಂಡರು. ಲೋಬಾನ ಮಾತ್ರ ನಿಲ್ಲಲಿಲ್ಲ. 'ಕಾರಿಗೆ ನೊಣ ಹತ್ತುತ್ತಾ ಅಮ್ಮಾ?' ಎಂದು ವಾಜಿದ್ ಕೇಳಿದರೆ, 'ದೃಷ್ಟಿ ಹತ್ತುತ್ತಲ್ಲ' ಎನ್ನುವಳು.

ಯುದ್ಧ ಬಂದು ಪೆಟ್ರೋಲಿಗೆ ಕೂಪನ್ನಾದ ಮೇಲೆ ಷೆಡ್ಡಿನ ರೀತಿಯೂ ಬದಲಾಯಿತು. ಬಿಡಿಭಾಗ ತೊಳೆದ ಪೆಟ್ರೋಲನ್ನು ಮೊದಲಿನ ಹಾಗೆ ಚೆಲ್ಲುವಂತಿರಲಿಲ್ಲ. ಅಗಲ ತಟ್ಟೆಯಲ್ಲಿ ಹಾಗೇ ಬಿಟ್ಟರೆ ಮಡ್ಡಿ ತಳಕ್ಕಿಳಿಯುತ್ತದೆ. ಬೆಳಗ್ಗೆ ಮೇಲಿನದನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ಉಪಯೋಗಿಸಬಹುದು. ಊರಿನ ಷೆಡ್ಡುಗಳಲ್ಲೆಲ್ಲ ಹೀಗೇ ನಡೆಯುತ್ತಿತ್ತು. ಇವರ ಮನೆಯಲ್ಲಿ ಗುರುವಾರದ ಕೆಂಡ ಇರುವುದರಿಂದ ಒಂದು ಕಟ್ಟು ಮಾಡಿಕೊಂಡಿದ್ದರು. ಅಮ್ಮ ಬಟ್ಟಲು ತರುವ ಮೊದಲು ನಯಾಜ್ ತಟ್ಟೆ ಮುಚ್ಚಿ ಹಿತ್ತಲಿಗೆ ಸಾಗಿಸಬೇಕು. ಹಿರಿಯನ ಕೆಲಸ ಅದು.

ಆ ಗುರುವಾರ ಅವನು ಸಾಗಿಸಲಿಲ್ಲ. ಮದ್ದೂರಿನ ಕಂಟ್ರಾಕ್ಟರೊಬ್ಬರ ಕಾರು ಮರುದಿನಕ್ಕೆ ಬೇಕೆಂದು ಆಳು ಬಂದು ಬೀದಿಯಲ್ಲಿ ಕಾಡುತ್ತಿದ್ದ. ತಟ್ಟೆ ಒಳಗಡೆ ಇದೆ, ಬಟ್ಟಲು ಬಾಗಿಲಲ್ಲಿ ಇರುತ್ತದೆ, ನಡುವೆ ಹತ್ತು ಅಡಿ. ಇರಲಿ, ಮಾತು ಮುಗಿಸಿ ಬಂದು ಮುಚ್ಚುತ್ತೇನೆ ಎಂದುಕೊಂಡ. ವಾಜಿದ್ ಗುಂಡಿಯೊಳಗೆ ಇದ್ದ. ಕಂಟ್ರಾಕ್ಟರನ ಆಳಿನ ಮೂಗುದನಿಯನ್ನು ಅಲ್ಲಿಂದಲೇ ಅನುಕರಿಸುತ್ತಿದ್ದ. ಅಮ್ಮ ಬಟ್ಟಲಿಟ್ಟು ಒಳಗೆ ಹೋದಳು.

ನಯಾಜ್ ತಿರುಗಿದಾಗ ಹೊಸ್ತಿಲಿಂದ ಒಂದು ನೀಲಿ ಗೆರೆ ನೆಲದ ಮೇಲೆ ಒಳಕ್ಕೆ ಓಡುತ್ತಿತ್ತು. ಸದ್ದಿಲ್ಲ, ಹೊಗೆಯಿಲ್ಲ. ಮಾಡಿನ ಎತ್ತರ ಉರಿ ಎದ್ದದ್ದು ಅದಾದ ಮೇಲೆ. ಬಾಗಿಲಲ್ಲಿ ಟೈರು ಅದ್ದಿ ನೋಡುವ ನೀರಿನ ತೊಟ್ಟಿಯಿತ್ತು. ನಯಾಜ್ ಅದನ್ನು ಎರಡೂ ಕೈಯಲ್ಲಿ ಎತ್ತಿ ಬೆಂಕಿಯ ಮೇಲೆ ಸುರಿದ. ನೀರು ತಟ್ಟೆಯ ಕಡೆಯಿಂದ ಬಾಗಿಲ ಇಳಿಜಾರಿಗೆ ಹರಿದು ನಡುವಿನ ಗುಂಡಿಗೆ ಇಳಿಯಿತು. ಬೆಂಕಿಯೂ ಅದರ ಮೇಲೆ ಕೂತು ಇಳಿಯಿತು.

ಮೂರನೆಯ ದಿನ ಆಸ್ಪತ್ರೆಯಲ್ಲಿ ವಾಜಿದ್ ಒಂದೇ ಸಲ ಮಾತಾಡಿದ್ದು. ಅದು ಯಾರ ದನಿಯೂ ಅಲ್ಲ, ಅವನದೇ. 'ತಟ್ಟೆ ಮುಚ್ಚಿದ್ಯಾ ಭಾಯ್?' ಎಂದ. ನಯಾಜ್ ಹೂಂ ಎಂದ.

ಅದಕ್ಕೂ ಮೊದಲು, ಬೆಂಕಿಯ ಮರುದಿನವೇ, ಇನ್ನೊಂದು ಹೂಂ ಅಂದಾಗಿತ್ತು. ದಫೇದಾರರು ಬೀದಿಯಲ್ಲಿ ನಿಂತು, ಊರೆಲ್ಲ ಸುತ್ತ ನಿಂತು, ಸುಲ್ತಾನ್ ಬೀ ಜಗಲಿಯ ಮೇಲೆ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದಾಗ. ದಫೇದಾರರಿಗೆ ಬರೆದು ಮುಗಿಸುವ ಅವಸರ. 'ಬೆಂಕಿ ಹೆಂಗೆ ಹತ್ತಿತು? ಬೀಡಿ ಗೀಡಿ ಸೇದ್ತಿದ್ನೇನು?' ಎಂದರು. ನಯಾಜ್ ಅಮ್ಮನ ಕೈ ನೋಡಿದ. ಹೂಂ ಎಂದ. ದಫೇದಾರರು ಬರೆದುಕೊಂಡರು.

ಎದುರು ಮನೆಯ ಚಿಕ್ಕಬೋರಮ್ಮ ಕೇಳಿಸಿಕೊಂಡಳು. ಅವಳ ಬಾಯಲ್ಲಿ ಅದು ಮಧ್ಯಾಹ್ನಕ್ಕೆ ಎರಡು ಬೀಡಿಯಾಯಿತು, ಸಂಜೆಗೆ ಒಂದು ಕಟ್ಟಾಯಿತು. 'ಗುಂಡೀಲಿ ಮಲೀಕಂಡು ಸುರುಸುರುನೆ ಎಳೀತಿದ್ನಂತೆ ಕಣಮ್ಮ, ನಾನೇ ನೋಡಿವ್ನಿ, ಒಂದಿನ ಗೇಟ್ ತಾವ ನಿಂತ್ಕಂಡು ಒಗೆ ಬುಡ್ತಿದ್ದ' ಎಂದು ಕೈ ಬಾಯಿ ತಿರುಗಿಸಿ ತೋರಿಸುವಳು. ಸುದ್ದಿ ಹಲಗೂರು ಮುಟ್ಟುವ ಹೊತ್ತಿಗೆ ವಾಜಿದನ ಕೈಗೆ ಹುಕ್ಕಾ ಬಂದಿತ್ತು. ದಫೇದಾರರಿಗೆ ಎರಡು ತಿಂಗಳಲ್ಲೇ ವರ್ಗವಾಯಿತು. ಅವರು ಬರೆದದ್ದನ್ನು ಮತ್ತೆ ಯಾರೂ ಓದಲಿಲ್ಲ. ಊರು ಮಾತ್ರ ಓದುತ್ತಲೇ ಇತ್ತು.

ಗುರುವಾರ ಬೆಳಗ್ಗೆ ನಯಾಜ್ ಚಹಾ ಕುಡಿಯುತ್ತಿದ್ದಾಗ ಪರದೆಯ ಆಚೆಯಿಂದ ಕುಲ್ಸುಮ್ 'ಭಾಯಿಜಾನ್' ಎಂದಳು. ಗಂಡ ಸತ್ತ ಮೇಲಿನ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಅವಳು ಮನೆಯಿಂದ ಈಚೆ ಬಂದವಳಲ್ಲ, ಗಂಡಸರ ಹತ್ತಿರ ಮಾತಾಡಿದವಳಲ್ಲ. ಅದು ನಿನ್ನೆಗೆ ಮುಗಿದಿತ್ತು. ಮಂಡ್ಯದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಅವಳಣ್ಣ ನಜೀರ್ ಅಹ್ಮದ್ ನಾಳೆ ಬಂದು ಅವಳನ್ನು ಕರೆದುಕೊಂಡು ಹೋಗುವುದೆಂದು ನಿಕ್ಕಿಯಾಗಿತ್ತು.

'ಅವರ ಕೈಯಲ್ಲಿ ಬೀಡಿ ಇದ್ದದ್ದನ್ನ ನೀವು ಕಣ್ಣಾರೆ ನೋಡಿದ್ರಾ?'

ನಯಾಜ್ ಲೋಟದೊಳಗೆ ನೋಡಿದ.

ಅವಳು ಅಳಲಿಲ್ಲ, ದನಿ ಎತ್ತಲಿಲ್ಲ. ಇದ್ದದ್ದನ್ನು ಹೇಳಿದಳು. ಮೊಹರಮ್ಮಿನ ತಿಂಗಳಲ್ಲಿ ತನಗೆ ಕೆಮ್ಮು ಜೋರಾಗಿದ್ದಾಗ ವಾಜಿದ್ ತನ್ನ ತಲೆ ಮೇಲೆ ಕೈಯಿಟ್ಟು ಇನ್ನು ಬೀಡಿ ಮುಟ್ಟುವುದಿಲ್ಲ ಎಂದಿದ್ದ. ಆಮೇಲೆ ಚಪಲವಾದಾಗಲೆಲ್ಲ ಬೇವಿನ ಕಡ್ಡಿ ತುಟಿಗಿಟ್ಟುಕೊಂಡು, ಚಳಿಗೆ ಬಾಯಿಂದ ಹಬೆ ಬಿಟ್ಟು, ಸೇದುವವನ ಹಾಗೆ ನಟಿಸಿ ಅವಳನ್ನು ನಗಿಸುತ್ತಿದ್ದ. ಚಿಕ್ಕಬೋರಮ್ಮ ನೋಡಿದ್ದು ಅದನ್ನೇ ಇರಬೇಕು ಎಂದಳು.

'ಆಣೆ ಮುರಿದಿದ್ರೆ ಮುರಿದಿದ್ರು ಅಂತ ಹೇಳಿಬಿಡಿ. ಸುಮ್ಮನಾಗ್ತೀನಿ. ನಾಲ್ಕು ತಿಂಗಳು ಕೂತೆ ಭಾಯಿಜಾನ್. ನನ್ನ ತಲೆ ಮುಟ್ಟಿ ಸುಳ್ಳು ಹೇಳಿದವರಿಗಾಗಿ ಕೂತಿದ್ನೋ, ಇಲ್ವೋ, ಅದೊಂದು ಗೊತ್ತಾಗಬೇಕು. ನಾಳೆ ಹೋದ್ರೆ ಇನ್ನು ಯಾರನ್ನ ಕೇಳಲಿ?'

ನಿಂಗಯ್ಯನವರ ಕಾರಿನ ಕೆಲಸ ಬಾಕಿ ಇದೆ ಎಂದು ಹೇಳಿ ನಯಾಜ್ ಎದ್ದ. ಲೋಟದಲ್ಲಿ ಅರ್ಧ ಚಹಾ ಹಾಗೇ ಇತ್ತು. ಅವಳಿಗೆ ಉತ್ತರ ಹೇಳಬಾರದು ಎಂದೇನೂ ಅವನು ತೀರ್ಮಾನ ಮಾಡಿರಲಿಲ್ಲ. ಒಳಗೆ ಹುಡುಕಿದರೆ ಏನೂ ಸಿಗಲಿಲ್ಲ, ಅಷ್ಟೆ. ಬಾಯಿ ಮರಗಟ್ಟುವ ಸೂಜಿ ಕೊಟ್ಟು ಹಲ್ಲು ಕಿತ್ತಮೇಲೆ ನಾಲಿಗೆ ಹೊರಳಿಸಿದರೆ ಹೇಗಿರುತ್ತದೋ ಹಾಗೆ.

ದಿನವೆಲ್ಲ ಕೆಲಸ ಮಾಡಿದ. ಫೋರ್ಡಿನ ಟ್ಯಾಂಕು ಬಸಿದ, ಸೋರುವ ಕೊಳವೆ ಬಿಚ್ಚಿದ, ಕಾರ್ಬುರೇಟರ್ ಬಿಚ್ಚಿ ತೊಳೆದ. ಹೊರಗೆ ಗಾಳಿಗೆ ಧೂಳು ಏಳುತ್ತಿದ್ದುದರಿಂದ ಅದೊಂದನ್ನು ಒಳಗೇ ತೊಳೆದ. ಹೊತ್ತು ಇಳಿಯುವಾಗ ಕೈಕಾಲು ತೊಳೆದು ಮಗ್ರಿಬ್ ನಮಾಜಿಗೆ ಹೊರಟ. ಬೆಂಕಿಯಾದ ಮೇಲೂ ಅಮ್ಮ ಗುರುವಾರದ ಬಟ್ಟಲನ್ನು ನಿಲ್ಲಿಸಿರಲಿಲ್ಲ. ನಿಲ್ಲಿಸು ಎನ್ನಲು ಅವನಿಗೆ ಬಾಯಿ ಬಂದಿರಲಿಲ್ಲ. ಯಾಕೆ ಎಂದು ಅವಳು ಕೇಳಿದರೆ? ಅದಕ್ಕೇ ಗುರುವಾರ ಮಧ್ಯಾಹ್ನದ ಮೇಲೆ ಒಳಗೆ ಒಂದು ತೊಟ್ಟು ಪೆಟ್ರೋಲು ಇಲ್ಲದ ಹಾಗೆ ನೋಡಿಕೊಂಡು, ಅವಳು ಬಟ್ಟಲು ತರುವ ಹೊತ್ತಿಗೆ ತಾನು ಮಸೀದಿಯಲ್ಲಿರುವ ಹಾಗೆ ನೋಡಿಕೊಳ್ಳುತ್ತಿದ್ದ.

ಮಸೀದಿಯ ಮೆಟ್ಟಿಲು ಹತ್ತುವಾಗ ಅಂಗಿಯ ತೋಳು ಮುಂಗೈಗೆ ತಣ್ಣಗೆ ತಾಗಿತು. ಒದ್ದೆ. ನೀರಿನ ಒದ್ದೆಗಿಂತ ಹೆಚ್ಚು ತಣ್ಣಗೆ. ಕಾರ್ಬುರೇಟರ್ ತೊಳೆದ ತಟ್ಟೆ ಒಳಗೇ ಇದೆ. ಮುಚ್ಚಿಲ್ಲ.

ಓಡಿದ. ಎದುರಿಗೆ ಬಂದವರು ಏನಾಯ್ತು ಸಾಬ್ರೇ ಎಂದದ್ದು ಅವನ ಹಿಂದೆ ಉಳಿಯಿತು. ಬೀದಿ ತಿರುಗಿದಾಗ ಸುಲ್ತಾನ್ ಬೀ ಷೆಡ್ಡಿನ ಹೊಸ್ತಿಲ ಮುಂದೆ ಬಗ್ಗುತ್ತಿದ್ದಳು. ಬಟ್ಟಲು ಅವಳ ಕೈಯಲ್ಲಿತ್ತು. ನಯಾಜ್ ಅದನ್ನು ಬರಿಗೈಯಲ್ಲಿ ಬಾಚಿ ಕಿತ್ತುಕೊಂಡು ಬೀದಿಗೆ ಎಸೆಯಲು ತೋಳೆತ್ತಿದ.

ಕೈ ಸುಡಲಿಲ್ಲ.

ಬಟ್ಟಲು ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಿತ್ತು. ಒಳಗೆ ಬೂದಿ ಇತ್ತು. ಬೂದಿಯ ಮೇಲೆ ಮೂರು ಚೂರು ಲೋಬಾನ, ಅಂಗಡಿಯಿಂದ ತಂದ ಹಾಗೇ.

'ಚೆಲ್ಲಬೇಡ,' ಎಂದಳು ಅಮ್ಮ. 'ಗುಡಿಸಿದ್ದೀನಿ.'

'ಯಾವಾಗಿಂದ ಕೆಂಡ ಇಲ್ಲ?'

'ಅವತ್ತಿಂದ.'

ಅವನು ಒಳಗೆ ಹೋಗಿ ತಟ್ಟೆಗೆ ಮುಚ್ಚಳ ಹಾಕಿ ಹೊತ್ತು ತಂದು ಹೊಂಗೆಮರದ ಕೆಳಗಿಟ್ಟ. ವಾಪಸು ಬಂದಾಗ ಅವಳು ಹೊಸ್ತಿಲ ಮೇಲೇ ಕೂತಿದ್ದಳು. ಅವನೂ ಎದುರಿಗೆ ಒಂದು ಮರಳಿನ ಡಬ್ಬದ ಮೇಲೆ ಕೂತ.

ಅವಳು ನೆಲವನ್ನು ಅಂಗೈಯಿಂದ ಸವರಿ ತೋರಿಸಿದಳು. 'ಲಾಯದ ನೆಲ ಬಾಗಿಲ ಕಡೆಗೆ ಓರೆ. ಕುದುರೆ ಗಂಜಲ ಆಚೆ ಹರೀಲಿ ಅಂತ ನಿಮ್ಮಪ್ಪ ಹಂಗೆ ಮಾಡಿಸಿದ್ರು. ನಲವತ್ತು ವರ್ಷ ಈ ನೆಲ ತೊಳ್ದಿದ್ದೀನಿ. ಒಳಗೆ ಏನು ಬಿದ್ರೂ ಈ ಹೊಸ್ತಿಲಿಗೇ ಬರೋದು. ಕಣ್ಣಿಗೆ ಕಾಣೋದೂ ಅಷ್ಟೆ, ಕಾಣದೇ ಇರೋದೂ ಅಷ್ಟೆ. ಇಲ್ಲಿ ನಾನು ಕೆಂಡ ಇಟ್ಟೆ.'

ನಯಾಜನಿಗೂ ಇದು ಗೊತ್ತಿತ್ತು. ಉರಿಯುವುದು ಪೆಟ್ರೋಲಲ್ಲ, ಅದರ ಆವಿ. ಅದು ಗಾಳಿಗಿಂತ ಭಾರ. ನೆಲಕ್ಕಂಟಿ ತಗ್ಗು ಹುಡುಕಿಕೊಂಡು ಹೋಗುತ್ತದೆ. ನಾಲ್ಕು ತಿಂಗಳಲ್ಲಿ ಈ ನೀಲಿ ಗೆರೆಯನ್ನು ಅವನು ಎಷ್ಟು ಸಲ ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡಿದ್ದನೋ. ಅಮ್ಮನಿಗೆ ಗೊತ್ತಿರಬಹುದು ಎಂದು ಮಾತ್ರ ಒಂದು ಸಲವೂ ಹೊಳೆದಿರಲಿಲ್ಲ.

'ಮತ್ತೆ ಈ ಬೂದಿ ಯಾಕೆ ಹೊತ್ಕೊಂಡು ತಿರುಗ್ತೀಯ?'

'ನಿಲ್ಲಿಸಿದ್ರೆ ನೀನು ಯಾಕೆ ಅಂತಿದ್ದೆ. ಹೇಳಬೇಕಾಗೋದು.' ಅವಳು ಸೆರಗಿನ ತುದಿಯಿಂದ ಬಟ್ಟಲ ಅಂಚು ಒರೆಸಿದಳು. 'ಬೀಡಿ ಅಂತ ನೀನು ದಫೇದಾರನಿಗೆ ಅಂದಾಗ, ಇವನಿಗೆ ಗೊತ್ತಿಲ್ಲ, ಹಂಗೇ ಇರಲಿ ಅಂದ್ಕೊಂಡೆ. ಹೋದ ಮಗ ಹೋದ. ಇರೋ ಮಗನ ಮುಖ ದಿನಾ ನೋಡಬೇಕಲ್ಲ. ನಿನಗೆ ಮೂಗಿಲ್ಲ ಅಂತ ಗೊತ್ತಾಗಿತ್ತು. ಒಂದಿನ ಬೇಳೆ ಸೀದು ಕರಕಾಗಿದ್ರೂ ಎರಡು ಸಲ ಹಾಕಿಸ್ಕೊಂಡು ತಿಂದೆಯಲ್ಲ. ಇವನಿಗೆ ಲೋಬಾನ ಇದ್ರೂ ಒಂದೇ, ಇಲ್ದಿದ್ರೂ ಒಂದೇ ಅಂದ್ಕೊಂಡೆ.'

'ತಟ್ಟೆ ನಾನು ಮುಚ್ಚಿರಲಿಲ್ಲ ಅಮ್ಮಾ. ನೀರೂ ನಾನೇ ಹಾಕಿದ್ದು.'

'ನೋಡ್ದೆ.'

ಅವನು ನಾಲ್ಕು ತಿಂಗಳಿಂದ ಒಂದು ಮಾತು ತನಗೆ ತಾನೇ ಹೇಳಿಕೊಂಡು ಬಂದಿದ್ದ: ಹೂಂ ಅಂದದ್ದು ಅಮ್ಮನಿಗಾಗಿ. ಈಗ ಅದನ್ನು ಎತ್ತಿ ನೋಡಿದರೆ ಕೆಂಡ ಒಂದು ಅಮ್ಮನದು. ತಟ್ಟೆ ತನ್ನದು, ನೀರು ತನ್ನದು. ಆ ಹೂಂ ಅನ್ನು ಎರಡು ಪಾಲು ತನಗೇ ಅಡ್ಡ ಹಿಡಿದಿದ್ದ. ದುಃಖವಾಗಬೇಕಿತ್ತು. ಬರಲಿಲ್ಲ.

'ಕುಲ್ಸುಮ್ ಕೇಳಿದ್ಲು,' ಎಂದ.

ಸುಲ್ತಾನ್ ಬೀ ಬಹಳ ಹೊತ್ತು ಬಟ್ಟಲನ್ನೇ ಒರೆಸಿದಳು. ಸತ್ತವನಿಗೆ ಏನು ಭಾರ, ಎಷ್ಟು ಬೇಕಾದರೂ ಹೊರುತ್ತಾನೆ ಎಂದುಕೊಂಡೆ, ಅವನ ಹಿಂದೆ ಅವಳೊಬ್ಬಳು ಹೊರುತ್ತಿದ್ದಾಳೆಂದು ನೆನೆಯಲಿಲ್ಲ ಎಂದಳು. ಆಮೇಲೆ ಎದ್ದು, 'ನನ್ನ ಹೆಸರು ಬಿಟ್ಟು ಹೇಳಬೇಡ. ಅರ್ಧ ಹೇಳಿದ್ರೆ ಅದೂ ಇನ್ನೊಂದು ಬೀಡಿಯೇ' ಎಂದು ಒಳಗೆ ಹೋದಳು.

ಶುಕ್ರವಾರ ಬೆಳಗ್ಗೆ ನಜೀರ್ ಅಹ್ಮದ್ ಬಂದ. ಅವನಿಗೆ ಚಹಾ ಕೊಟ್ಟು, ಟ್ರಂಕು ಜಗಲಿಗೆ ಬಂದ ಮೇಲೆ, ನಯಾಜ್ ಪರದೆಯ ಹತ್ತಿರ ನಿಂತು ಹೇಳಿದ. ಮರಳಿನ ವಿಷಯ ಗಿರಾಕಿಗಳಿಗೆ ಹೇಳುವ ದನಿಯಲ್ಲೇ ಹೇಳಿದ. ಅವನ ಹತ್ತಿರ ಇದ್ದದ್ದು ಅದೊಂದೇ ದನಿ. ತಟ್ಟೆ, ಕೆಂಡ, ನೀರು. ಬೀಡಿ ಇರಲಿಲ್ಲ.

ನಜೀರ್ ಅಹ್ಮದ್ ಬಸ್ಸಿನ ಕಂಬಿ ಹಿಡಿದವನ ಹಾಗೆ ಲೋಟವನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದ. ಪರದೆಯ ಆಚೆಯಿಂದ ಕುಲ್ಸುಮ್ ಕೇಳಿದಳು, 'ಗುಂಡಿಯಲ್ಲಿ ಏನು ಮಾಡ್ತಿದ್ರು?'

'ಕಂಟ್ರಾಕ್ಟರನ ಆಳಿನ ಹಾಗೆ ಮೂಗಲ್ಲಿ ಮಾತಾಡ್ತಿದ್ದ.'

'ಅತ್ತೆಯ ಬಟ್ಟಲಲ್ಲಿ ಕೆಂಡ ಇಲ್ಲ ಅಂತ ಮೊದಲನೇ ಗುರುವಾರವೇ ಗೊತ್ತಾಯ್ತು,' ಎಂದಳು. 'ವಾಸನೆ ಬರಲಿಲ್ಲ. ಏನೋ ಇದೆ ಅಂದ್ಕೊಂಡೆ. ಆದ್ರೆ ಕೆಂಡ ಇಲ್ಲ ಅಂದಮಾತ್ರಕ್ಕೆ ಬೀಡಿ ಇರಲಿಲ್ಲ ಅಂತ ಆಗಲ್ಲವಲ್ಲ.' ಮತ್ತೆ ಹೇಳಿದಳು, 'ನೀವು ಬೀದಿಯಲ್ಲಿ ನಿಂತು ಹೇಳಿದ್ರಿ ಭಾಯಿಜಾನ್. ಮನೆಯೊಳಗೆ ವಾಪಸು ತಗೊಂಡ್ರೆ ಬೀದಿಗೆ ಹೆಂಗೆ ಗೊತ್ತಾಗುತ್ತೆ?'

ಮದ್ದೂರಿನ ಮೇಲೆ ಮಂಡ್ಯಕ್ಕೆ ಹೋಗುವ ಬಸ್ಸು ಇದ್ದಿಲು ಬಸ್ಸು. ಪೆಟ್ರೋಲಿಲ್ಲದ ಕಾಲಕ್ಕೆ ಬೆನ್ನಿಗೊಂದು ಉದ್ದನೆ ಒಲೆ ಕಟ್ಟಿಸಿಕೊಂಡು, ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು. ಕ್ಲೀನರು ಅದರ ಪಂಖವನ್ನು ಅರ್ಧ ಗಂಟೆ ತಿರುಗಿಸಿದ ಹೊರತು ಅದು ಮಿಸುಕುತ್ತಿರಲಿಲ್ಲ. ಅಲ್ಲಿಯವರೆಗೆ ಜನ ಸುತ್ತ ನಿಂತು ಊರಿನ ಸಮಾಚಾರ ತಿರುಗಿಸುತ್ತಿದ್ದರು. ಅವತ್ತು ನಿಂಗಯ್ಯನವರೂ ಇದ್ದರು. ಕಾರು ಆಗುವವರೆಗೆ ನೆಂಟರ ಮನೆಯಲ್ಲಿ ಉಳಿದಿದ್ದವರು ಎಲೆಅಡಿಕೆಗೆಂದು ಬಂದಿದ್ದರು. ಚಿಕ್ಕಬೋರಮ್ಮ ಮದ್ದೂರಿನ ಮಗಳ ಮನೆಗೆಂದು ಎರಡು ಕೋಳಿ ಹಿಡಿದುಕೊಂಡು ಆಗಲೇ ಕಿಟಕಿ ಪಕ್ಕ ಕೂತಿದ್ದಳು. ಸುಲ್ತಾನ್ ಬೀ ಬುರ್ಖಾ ಹಾಕಿಕೊಂಡು ಸೊಸೆಯ ಟ್ರಂಕಿನ ಪಕ್ಕ ನಿಂತಿದ್ದಳು. ಮಗ ಬೇಡವೆಂದರೂ ಬಂದಿದ್ದಳು.

ನಯಾಜ್ ಪಂಖದ ಹತ್ತಿರ ಹೋಗಿ ಕ್ಲೀನರಿಗೆ ಒಂದು ಗಳಿಗೆ ನಿಲ್ಲಿಸು ಎಂದ. ಸದ್ದು ನಿಂತದ್ದಕ್ಕೇ ಎಲ್ಲರೂ ತಿರುಗಿ ನೋಡಿದರು.

'ನನ್ನ ತಮ್ಮ ವಾಜಿದ್ ಗುಂಡೀಲಿ ಬೀಡಿ ಸೇದ್ತಿರ್ಲಿಲ್ಲ,' ಎಂದ ನಯಾಜ್. 'ಆವತ್ತು ಬೀಡಿಯಿಂದ ಬೆಂಕಿ ಹತ್ತಲಿಲ್ಲ. ಸುಳ್ಳು ಹೇಳಿದೋನು ನಾನು.'

ಮಿಕ್ಕದ್ದನ್ನೂ ಹೇಳಿದ. ಪೆಟ್ರೋಲ್ ತಟ್ಟೆಯನ್ನು ತೆರೆದು ಬಿಟ್ಟವನು ತಾನು. ಲೋಬಾನದ ಕೆಂಡ ಹೊಸ್ತಿಲಲ್ಲಿ ಇಟ್ಟವಳು ತನ್ನ ತಾಯಿ. ಉರಿಗೆ ನೀರು ಹಾಕಿ ಗುಂಡಿಗೆ ಇಳಿಸಿದವನೂ ತಾನು. ಜನ ಒಮ್ಮೆ ಅವನನ್ನೂ ಒಮ್ಮೆ ಬುರ್ಖಾವನ್ನೂ ನೋಡಿದರು. ಬುರ್ಖಾ ಅಲುಗಲಿಲ್ಲ. ಯಾರೋ ಒಬ್ಬರು ಲೊಚಗುಟ್ಟಿದರು. ಇನ್ನೊಬ್ಬರು ತಾವು ಮೊದಲೇ ಅಂದುಕೊಂಡಿದ್ದೆವು ಎಂದರು. ಅದು ಸುಳ್ಳು.

ನಿಂಗಯ್ಯನವರು ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದರು. 'ಅಂಗಾದ್ರೆ ನನ್ ಪೋಲ್ಡು ಈಗ ನಿನ್ ತಾವ ಅದೆಯಲ್ಲಾ, ಪಾಷಾ.'

'ಹೂಂ ಗೌಡ್ರೇ. ಇನ್ನೊಂದು ವಿಷಯ. ನಂಗೆ ಮೂಗಿಲ್ಲ. ವಾಸನೆ ಗೊತ್ತಾಗಲ್ಲ. ನಿನ್ನೆ ಸಂಜೇನೂ ತಟ್ಟೆ ಮುಚ್ಚೋದು ಮರೆತಿದ್ದೆ.'

ಗೌಡರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೈಯಬೇಕೆಂದು ಬಾಯಿ ತೆರೆದವರು ಯಾಕೋ ಬೈಯಲಿಲ್ಲ. 'ಎತ್ತು ಕಟ್ಟಿ ಎಳ್ಸ್ಕಂಡ್ ಓಯ್ತೀನಿ ಇವತ್ತೇ. ಬೇಜಾರ್ ಮಾಡ್ಕಬ್ಯಾಡ ಕಣ್ಲಾ,' ಎಂದರು.

'ಕೊಳವೆ ಬಿಚ್ಚಿದ್ದೀನಿ. ಹಾಕಿ ಕೊಡ್ತೀನಿ. ಮಧ್ಯಾಹ್ನ ಬನ್ನಿ.'

ನಿಂಗಯ್ಯನವರ ಕಾರು ಹೋದರೆ ಅದರ ಹಿಂದೆ ಹಲಗೂರಿನ ಕಡೆಯ ಕಾರುಗಳೆಲ್ಲ ಹೋಗುತ್ತವೆ ಎಂಬುದು ನಯಾಜನಿಗೆ ಗೊತ್ತಿತ್ತು. ಬೇರೆ ಯಾರಿಗೋ ಆದ ನಷ್ಟದ ಹಾಗೆ ಗೊತ್ತಿತ್ತು. ಅವನು ಕ್ಲೀನರಿಗೆ ಸನ್ನೆ ಮಾಡಿದ. ಪಂಖ ಮತ್ತೆ ತಿರುಗಿತು.

ನಜೀರ್ ಅಹ್ಮದ್ ಟ್ರಂಕನ್ನು ಮೇಲಕ್ಕೆ ಹಾಕಿಸಿದ. ಕುಲ್ಸುಮ್ ಅತ್ತೆಯ ಮುಂದೆ ಬಂದು ನಿಂತಳು. ಇಬ್ಬರ ಮುಖವೂ ಬುರ್ಖಾದೊಳಗೆ ಇದ್ದುದರಿಂದ ಯಾರು ಅತ್ತರು, ಯಾರು ಅಳಲಿಲ್ಲ ಎಂದು ಹೇಳುವಂತಿಲ್ಲ. ಅಪ್ಪಿಕೊಳ್ಳಲಿಲ್ಲ. ಕುಲ್ಸುಮ್ ಸಲಾಮು ಮಾಡಿದಳು, ಸುಲ್ತಾನ್ ಬೀ ಕೈಯೆತ್ತಿ ದುವಾ ಮಾಡಿದಳು, ಸೊಸೆ ಬಸ್ಸು ಹತ್ತಿದಳು. ನಯಾಜನ ಕಡೆ ನೋಡಲಿಲ್ಲ. ನೋಡಲಿ ಎಂದು ಅವನೂ ನಿರೀಕ್ಷಿಸಿರಲಿಲ್ಲ.

'ಬಾರವ್ವ ಕುಲ್ಸುಮ್ಮ, ಇಲ್ ಕೂತ್ಕ,' ಎಂದು ಚಿಕ್ಕಬೋರಮ್ಮ ಕೋಳಿಗಳನ್ನು ಕಾಲಡಿಗೆ ತಳ್ಳಿ ಜಾಗ ಮಾಡಿದಳು. ಒಂದು ಗಳಿಗೆ ತಡೆದಳು. ಅದಕ್ಕಿಂತ ಹೆಚ್ಚು ತಡೆಯುವುದು ಅವಳ ಜಾಯಮಾನವಲ್ಲ. 'ಅಲ್ಲ ಕಣವ್ವ, ಒಂದಿನ ನಾನೇ ಕಣ್ಣಾರೆ ನೋಡಿವ್ನಲ್ಲ, ನಿನ್ ಗಂಡ ಗೇಟ್ ತಾವ ನಿಂತ್ಕಂಡು ಒಗೆ ಬುಡ್ತಿದ್ನಲ್ಲ?'

ಕುಲ್ಸುಮ್ ಮನೆಯ ಹೊರಗೆ ಕನ್ನಡ ಆಡುವವಳಲ್ಲ. ಆಡಿದರೂ ತುಟಿಯೊಳಗೇ ಆಡುವವಳು. ಬಸ್ಸಿನ ಕಿಟಕಿಯಿಂದ ಅವಳ ದನಿ ಆಚೆಯವರೆಗೆ ಕೇಳಿಸಿತು. ಚಳಿಗಾಲವಾಗಿತ್ತು ಎಂದಳು. ಅದು ಬಾಯಿಯ ಹಬೆ ಎಂದಳು. ಕೈಯಲ್ಲಿದ್ದದ್ದು ಬೇವಿನ ಕಡ್ಡಿ.

'ಎಂಗೆ ಇಡ್ಕತಿದ್ದ?' ಎಂದಳು ಚಿಕ್ಕಬೋರಮ್ಮ, ನಿಜಕ್ಕೂ ತಿಳಿದುಕೊಳ್ಳುವವಳ ಹಾಗೆ.

ಇಂಜಿನ್ನು ಹಿಡಿಯಿತು, ಬಸ್ಸು ಮೈ ಕೊಡವಿತು. ಕುಲ್ಸುಮ್ ಮುಖದ ಬಟ್ಟೆ ಮೇಲಕ್ಕೆ ಸರಿಸಿ, ಎರಡು ಬೆರಳನ್ನು ತುಟಿಗಿಟ್ಟುಕೊಂಡು, ಕಣ್ಣು ಅರ್ಧ ಮುಚ್ಚಿ, ಉದ್ದಕ್ಕೆ ಉಸಿರು ಬಿಟ್ಟು ತೋರಿಸಿದಳು.